ಕಣ್ಣೆದುರು ಒಡೆಯದ ಸೀಲು

ಕಳೆದ ಸೋಮವಾರ ಹಿರೇಕೆರೂರಿನ ಸರ್ವಿಸ್ ಅಂಗಡಿಯೊಂದು ಅಪ್ಪನ ಹಳೆಯ ಬೈಕಿಗೆ ಯಾವುದೋ ಡ್ರಮ್ಮಿನ ತೆಳು ಎಣ್ಣೆ ಸುರಿಯಿತು. ಆಗಲೇ ಎಂಜಿನ್ ಟಿಕ್‌ಟಿಕ್ ಎನ್ನತೊಡಗಿತು. ಕೇಳಿದರೆ, “ಮುದಿ ಗಾಡಿ, ಹಂಗ ಅಂತೈತ್ರಿ” ಎಂದು ಅಂಗಡಿಯವರು ನಕ್ಕರು. ನಿನ್ನೆ ತಿಳವಳ್ಳಿ ದಾರಿಯಲ್ಲಿ ಅದು ಸುಟ್ಟ ವಾಸನೆ ಬಿಟ್ಟು, ಒಳಗೆಲ್ಲ ಬಿಗಿದು ಕಚ್ಚಿಕೊಂಡು ನಿಂತಿತು.

ಆ ಸುಟ್ಟ ವಾಸನೆಯಲ್ಲಿ ಸವಣೂರಿನ ನಮ್ಮ ಅಂಗಳ ಕಂಡಿತು. ಕಲಬೆರಕೆಯಲ್ಲವೆಂದು ಖಾತ್ರಿಯಾಗಲಿ ಎಂದು ಅಪ್ಪ ಎಣ್ಣೆ ಡಬ್ಬಿಯ ಸೀಲನ್ನು ಅವ್ವನ ಕೈಯಿಂದಲೇ ಒಡೆಸುತ್ತಿದ್ದ. ಎಣ್ಣೆ ಹಾಕಿ ಗಾಡಿ ಚಾಲೂ ಮಾಡಿದರೆ, ಅವ್ವ ಒಲೆಯ ಮುಂದಿನಿಂದಲೇ ಕಿವಿಗೊಡುತ್ತಿದ್ದಳು.

“ಇನ್ನೂ ಕಟಕಟ ಅಂತೈತಿ. ಇಷ್ಟ ತೆಳ್ಳಗಿಂದು ತಂದೀರಿ, ಸಾರು ಮಾಡ್ಲೇನ್ರಿ?”

ಅಪ್ಪ ದಪ್ಪ ಎಣ್ಣೆ ತರಲು ಹೊರಡುತ್ತಿದ್ದ.

ಅವರಿಬ್ಬರೂ ಅಷ್ಟು ಜೋಪಾನ ಮಾಡಿದ ಎಂಜಿನ್ ಈಗ ಸತ್ತಿದೆ. ಅಂಗಡಿಯವರೇ, ಯಾವ ಎಣ್ಣೆ ಹಾಕಿದಿರಿ? ಸೀಲನ್ನು ಯಾರ ಕಣ್ಣೆದುರು ಒಡೆದಿರಿ? ಇಲ್ಲೇ, ಈ ಬರಹದ ಕೆಳಗೆ, ಎಲ್ಲರೂ ಓದುವಂತೆ ಉತ್ತರಿಸಿ.