ಇಳಿಜಾರಿಗೆ ಎಷ್ಟು ಪೆಟ್ರೋಲು

ಇವತ್ತು ಬೆಳಿಗ್ಗೆ ನನ್ನ ಕಾರು ಮತ್ತೆ ಹಟ ಹಿಡಿಯಿತು. ರಾತ್ರಿ ಬಿದ್ದ ಮಂಜು ಹುಲ್ಲಿನ ಮೇಲೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಉದಕಮಂಡಲದಲ್ಲಿ ಇಂಥ ಬೆಳಿಗ್ಗೆ ಮನುಷ್ಯರಿಗೇ ಹಾಸಿಗೆ ಬಿಡಲು ಮನಸ್ಸಾಗುವುದಿಲ್ಲ, ಇನ್ನು ಎಂಜಿನ್ನಿನ ಮಾತೇನು. ಕೀಲಿ ತಿರುಗಿಸಿದರೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಪಕ್ಕದ ಮನೆಯ ಬೆಳ್ಳಿಯಣ್ಣ ಎಂದಿನಂತೆ ಮಫ್ಲರ್ ಸುತ್ತಿಕೊಂಡು ಬಂದು ಹಿಂದಿನಿಂದ ತಳ್ಳಿದರು. ಕ್ಯಾರೆಟ್ ಹೊಲದಲ್ಲಿ ಬಗ್ಗಿ ಬಗ್ಗಿ ಸವೆದ ಮೊಣಕಾಲು ಅವರದು. ಮಂಜಿನ ಮೇಲೆ ಕಾಲು ಜಾರಿ ಬಿದ್ದೇಬಿಟ್ಟರು. ಎಬ್ಬಿಸಿ ಕೂರಿಸಿದರೆ ಬೈಯಲಿಲ್ಲ. “ಆ ಕಂಪ್ಯೂಟರ್ಲಿ ನಂಬರ ಏರ್ಸಿಬುಡು ತಂಗಿ. ನಿಂಗೆ ಗೊತ್ತಲ್ಲ,” ಎಂದಷ್ಟೇ ಅಂದು ಮೊಣಕಾಲು ಉಜ್ಜಿಕೊಂಡರು.

ಗೊತ್ತು. ಗೊತ್ತಿದ್ದೂ ಏರಿಸಿರಲಿಲ್ಲ. ಯಾಕೆಂದು ಅವರಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ನಾನು ದರ್ಜಿ. ಇಲ್ಲಿನ ಬೋರ್ಡಿಂಗ್ ಶಾಲೆಗಳ ಮಕ್ಕಳಿಗೆ ಸಮವಸ್ತ್ರ ಹೊಲಿಯುವವಳು. ಕತ್ತರಿ, ಟೇಪು, ಹೊಲಿಗೆ ಯಂತ್ರ ಬಿಟ್ಟರೆ ಬೇರೆ ಯಂತ್ರದ ಗೊಡವೆ ನನಗಿರಲಿಲ್ಲ. ಆ ಗೊಡವೆಯೆಲ್ಲ ನಮ್ಮ ಯಜಮಾನರದು. ಕೂನೂರಿನ ಹತ್ತಿರ ಟೀ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಬೆಟ್ಟದ ಮೇಲೆ ಕಾರು ರೇಸ್ ಮಾಡುವ ಹುಡುಗರು ಆಡಿ ಬೇಸರವಾಗಿ ಬಿಟ್ಟ ಒಂದು ಪುಟ್ಟ ಬಿಳಿ ಕಾರನ್ನು ಒಂದು ದಿನ ಮನೆಗೆ ತಂದರು. ಎಂಜಿನ್ನಿಗೆ ಎಷ್ಟು ಪೆಟ್ರೋಲು ಕೊಡಬೇಕೆಂದು ಕಂಪನಿಯವರೇ ಗೊತ್ತುಮಾಡಿ ಇಟ್ಟ ಕಂಪ್ಯೂಟರನ್ನು ಕಿತ್ತು, ನಾವೇ ಗೊತ್ತುಮಾಡಬಹುದಾದ ಒಂದು ಪೆಟ್ಟಿಗೆಯನ್ನು ಹುಡುಗರು ಅದಕ್ಕೆ ಹಾಕಿದ್ದರು. ಅಷ್ಟು ಸಾಕಾಯಿತು ಇವರಿಗೆ. ಭಾನುವಾರ ಬಂದರೆ ಕಾರಿನೊಳಗೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡರೆ, ಊಟಕ್ಕೆ ಕರೆದರೂ ಕಿವಿ ಕೇಳಿಸದು. ಆ ಕಾರಿಗೆ ನಾನು ‘ಸವತಿ’ ಎಂದೇ ಹೆಸರಿಟ್ಟಿದ್ದೆ. ಮಂಜು ಕಟ್ಟಿದ ಬೆಳಿಗ್ಗೆಯೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆಂದು ಬೀದಿಗೆಲ್ಲ ಕೇಳುವ ಹಾಗೆ ಅದನ್ನು ಗುರ್ರೆನಿಸುತ್ತಿದ್ದರು. ವಾಸನೆಗೆ ನಾನು ಸೆರಗು ಮುಚ್ಚಿಕೊಂಡರೆ, “ಪೆಟ್ರೋಲ್ ವಾಸ್ನೆ ಕಣಮ್ಮಿ, ಅತ್ತರು,” ಎನ್ನುವರು.

ಆಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ತಿಳಿಯಿತು. ಚಿಕಿತ್ಸೆಗೆ ಕೊಯಮತ್ತೂರಿಗೆ ಇಳಿಯಬೇಕು. ಕೀಮೋ ಶುರುವಾದ ಮೇಲೆ ಯಾವ ವಾಸನೆಯನ್ನು ಅತ್ತರು ಎನ್ನುತ್ತಿದ್ದರೋ ಅದೇ ಅವರಿಗೆ ಆಗದೆ ಹೋಯಿತು. ಟ್ಯಾಕ್ಸಿ ಮಾಡಿದೆವು, ಅದರೊಳಗಿನ ಮಲ್ಲಿಗೆ ಸೆಂಟಿಗೆ ಇನ್ನೂ ಹೆಚ್ಚು ವಾಂತಿ. ನಮ್ಮ ಕಾರನ್ನೇ ನಾನು ಓಡಿಸಿಕೊಂಡು ಹೋದರೆ ಘಾಟ್ ಇಳಿಯುವಷ್ಟರಲ್ಲಿ ಕರುಳು ಬಾಯಿಗೆ ಬರುವಂತೆ ಕಾರಿಕೊಂಡು, ಆಸ್ಪತ್ರೆ ಮುಟ್ಟುವಾಗ ಅರ್ಧ ಜೀವವಾಗಿರುತ್ತಿದ್ದರು. ಅಷ್ಟು ಬಳಲಿದವರಿಗೆ ಔಷಧಿ ಕೊಡುವುದಿಲ್ಲವೆಂದು ಒಂದು ಸಲ ಹಾಗೇ ವಾಪಸು ಕಳಿಸಿದರು. ಅಷ್ಟು ದೂರ ಹೋಗಿ, ಕೈಗೆ ಬಂದ ಔಷಧಿ ಬರೀ ಪೆಟ್ರೋಲ್ ವಾಸನೆಗೆ ತಪ್ಪಿಹೋಯಿತಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

“ನೀನೇ ಸರಿಮಾಡು,” ಅಂದರು. “ನಂಗೆ ಅದರ ಹತ್ರ ಕೂರಕ್ಕಾಗಲ್ಲ. ನಾ ಹೇಳ್ತೀನಿ, ನೀ ಮಾಡು.”

ಪಾಠ ನಡೆದದ್ದು ಹೀಗೆ. ಕಾರು ಅಂಗಳದಲ್ಲಿ, ಅದರೊಳಗೆ ನಾನು. ಅವರು ಕೋಣೆಯಲ್ಲಿ, ಮುಚ್ಚಿದ ಗಾಜಿನ ಕಿಟಕಿಯ ಹಿಂದೆ, ಕಂಬಳಿ ಹೊದ್ದು. ಇಬ್ಬರ ಕಿವಿಯಲ್ಲೂ ಫೋನು. ಲ್ಯಾಪ್‌ಟಾಪಿನಲ್ಲಿ ಚೌಕಾಬಾರದ ಹಾಗೆ ಮನೆಗಳು, ಒಂದೊಂದು ಮನೆಗೂ ಒಂದೊಂದು ಅಂಕೆ. ಅಡ್ಡಕ್ಕೆ ಎಂಜಿನ್ ತಿರುಗುವ ವೇಗ, ಉದ್ದಕ್ಕೆ ಅದರ ಮೇಲೆ ಬಿದ್ದ ಭಾರ. ಅಂಕೆ ಏರಿಸಿದರೆ ಪೆಟ್ರೋಲು ಹೆಚ್ಚು, ಇಳಿಸಿದರೆ ಕಡಿಮೆ. ಹೊಗೆಯಲ್ಲಿ ಗಾಳಿ ಹೆಚ್ಚೋ ಪೆಟ್ರೋಲು ಹೆಚ್ಚೋ ಎಂದು ಮೂಲೆಯಲ್ಲಿ ಒಂದು ಮುಳ್ಳು ತೋರಿಸುತ್ತಿರುತ್ತದೆ. ನಾನು ಮೊದಲ ದಿನವೇ ಶೌರ್ಯ ತೋರಿಸಲು ಹೋಗಿ ಒಂದು ಮನೆಯ ಅಂಕೆಯನ್ನು ಅರ್ಧಕ್ಕೆ ಕತ್ತರಿಸಿದೆ. ಎಂಜಿನ್ ನಡುಗಿ ನಿಂತಿತು. ಗಾಜಿನ ಹಿಂದೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಕ್ಕರೆ ನೋವಾಗುತ್ತದೆಂದು ಮುಖವನ್ನೂ ಕಿವಿಚುತ್ತಿದ್ದರು.

“ರವಿಕೆ ಒಂದೇ ಕಡೆ ಹಿಡಿದ್ರೆ ಏನಾಯ್ತದೆ?”

“ಸುಕ್ಕು ಬೀಳ್ತದೆ.”

“ಹಂಗೇ ಕಣಮ್ಮಿ. ಅಕ್ಕಪಕ್ಕದ ಮನೇನೂ ವಸಿ ವಸಿ ಹಿಡಿ.”

ಆವತ್ತಿನಿಂದ ಕೈ ಕೂತಿತು. ಅಂಗಳದಲ್ಲಿ ವಾಸನೆಯೇ ಇಲ್ಲ ಎನ್ನುವ ಹಾಗೆ ಮಾಡಿದೆ. ಜಂಬದಿಂದ ಹೊರಟೆವು. ಕೂನೂರು ದಾಟಿ, ತಿರುವು ತಿರುವು ಇಳಿದು ಬರ್ಲಿಯಾರ್ ಹತ್ತಿರ ಬಂದಾಗ ಹಾಳು ವಾಸನೆ ಮತ್ತೆ ಬಂತು. ಹಿಂದಿನ ಸೀಟಿನಲ್ಲಿ ಇವರು ಕವರಿಗೆ ತಡಕಾಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಗಾಡಿ ನಿಲ್ಲಿಸಿ, “ನಿಮ್ಮ ಸವತಿನ ಇವತ್ತೇ ಗುಜರಿಗೆ ಹಾಕ್ತೀನಿ ನೋಡಿ,” ಎಂದು ಕೂಗಾಡಿದೆ.

ಅವರು ಬಾಯಿ ಒರೆಸಿಕೊಂಡು, “ಹಾಕು. ನನ್ನ ಕೆಳಗೆ ಇಳಿಸಿದ ಮ್ಯಾಲೆ ಹಾಕು,” ಅಂದರು. ಅಷ್ಟು ಸುಸ್ತಿನಲ್ಲೂ ಮಾತಿಗೇನೂ ಕಡಿಮೆಯಿಲ್ಲ.

ಮನೆಗೆ ಬಂದು ನೋಡಿದರೆ ಕಾರು ಸಾಧುವಾಗಿತ್ತು, ವಾಸನೆಯಿಲ್ಲ. ಹಾಗಾಗಿ ಮುಂದಿನ ಸಲ ಲ್ಯಾಪ್‌ಟಾಪನ್ನು ಪಕ್ಕದ ಸೀಟಿನಲ್ಲಿ ತೆರೆದಿಟ್ಟುಕೊಂಡೇ ಇಳಿದೆ. ಬರ್ಲಿಯಾರಿನ ಹಣ್ಣಿನ ಅಂಗಡಿಗಳ ಎದುರು ನಿಲ್ಲಿಸಿ ನೋಡುತ್ತೇನೆ: ಎಂಜಿನ್ನಿನ ಬಿಸಿ ಕೆಳಗಿಳಿದುಬಿಟ್ಟಿದೆ. ಇಳಿಜಾರಿನ ಉದ್ದಕ್ಕೂ ಅದಕ್ಕೆ ಕೆಲಸವಿಲ್ಲ, ತಣ್ಣಗಾಗಿದೆ. ತಣ್ಣಗಿನ ಎಂಜಿನ್ನಿಗೆಂದು ಇವರು ಬೇರೆಯೇ ಒಂದು ಸಾಲಿನಲ್ಲಿ ಹೆಚ್ಚುವರಿ ಪೆಟ್ರೋಲು ಬರೆದಿಟ್ಟಿದ್ದರಲ್ಲ, ಮಂಜಿನ ಬೆಳಿಗ್ಗೆಗಾಗಿ, ಪೆಟ್ಟಿಗೆ ಅದನ್ನು ಇಲ್ಲಿ ಸುರಿಯುತ್ತಿದೆ. ನಾನು ಹೇಳಿದ್ದು ಕೇಳಿ ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು.

“ಮಂಕು ಮುಂಡೇದು. ಬೆಳಗಾಯ್ತು ಅಂದ್ಕಂಡದೆ.” ಆಮೇಲೆ ಕಣ್ಣು ತೆರೆದು, “ಆ ಸಾಲು ಇಳಿಸಿದ್ರೆ ಮನೇಲಿ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ ಕಣೇ.”

“ಬೆಳಿಗ್ಗೆದು ನಾ ನೋಡ್ಕತ್ತೀನಿ. ನೀವು ವಾಂತಿ ಇಲ್ದೆ ಹೋಗಿ ಬನ್ನಿ, ಸಾಕು.”

ಅಲ್ಲೇ, ರಸ್ತೆ ಬದಿಯಲ್ಲಿ, ಆ ಸಾಲಿನ ಅಂಕೆಗಳನ್ನೆಲ್ಲ ಒಂದೊಂದಾಗಿ ಇಳಿಸಿದೆ. ಅವರ ಹೆಮ್ಮೆಯ ಸಾಲು ಅದು. ಇಳಿಸುವ ಮುಂಚಿನ ಅಂಕೆಗಳು ಈಗಲೂ ನನಗೆ ಬಾಯಿಪಾಠ.

ಅದರ ಮುಂದಿನ ಪ್ರಯಾಣ ಎಷ್ಟು ಚೆನ್ನಾಗಿತ್ತೆಂದು ಹೇಗೆ ಹೇಳಲಿ. ಮನೆಯ ಮುಂದೆ ಬೆಳ್ಳಿಯಣ್ಣ ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು. ಆಮೇಲೆ ಮೇಟುಪಾಳ್ಯದ ತನಕ ಒಂದು ಚೂರು ವಾಸನೆಯಿಲ್ಲ. ಇವರು ಕಿಟಕಿಯಿಂದ ಅಡಿಕೆಮರ ನೋಡಿದರು, ಮಂಗಗಳನ್ನು ಬೈದರು, ಮ್ಯಾಂಗೊಸ್ಟೀನ್ ಹಣ್ಣು ಕೇಳಿ ಒಂದು ತೊಳೆ ತಿಂದು ವಾಂತಿಯಾಗದೆ ಉಳಿಸಿಕೊಂಡರು. ಹಿಂದಿನಿಂದ ನನ್ನ ಭುಜದ ಮೇಲೆ ಕೈಯಿಟ್ಟು, “ಕೈಗುಣ ಬಂತು ಕಣಮ್ಮಿ ನಿಂಗೆ,” ಅಂದರು. ಮದುವೆಯಾದಾಗಿನಿಂದ ನನ್ನ ಹೊಲಿಗೆಗೂ ಹಾಗೆ ಅಂದವರಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ನೋಡಿ ನನ್ನೊಬ್ಬಳನ್ನೇ ಒಳಗೆ ಕರೆದರು. ತಮಿಳಿನಲ್ಲಿ, ಮೆಲ್ಲಗೆ, ಇನ್ನು ಇವರನ್ನು ಇಷ್ಟು ದೂರ ಕರೆತಂದು ಕಷ್ಟ ಕೊಡಬೇಡಿ ಅಮ್ಮಾ ಎಂದರು.

“ಕಷ್ಟ ಇಲ್ಲ ಸಾರ್,” ಅಂದೆ ನಾನು. “ಈಗ ಕಾರಿನಲ್ಲಿ ವಾಸನೆ ಬರುವುದಿಲ್ಲ. ನಾನೇ ಸರಿಮಾಡಿದ್ದೇನೆ.”

ಅವರು ನನ್ನ ಮುಖವನ್ನೇ ನೋಡಿದರು. ನನಗೆ ಅರ್ಥವಾಗಲು ಆ ನೋಟವೇ ಬೇಕಾಯಿತು.

ಮತ್ತೆ ನಾವು ಆ ಘಾಟ್ ಇಳಿಯಲಿಲ್ಲ. ಇವರು ತೀರಿಕೊಂಡ ಮೇಲೆ ನಮ್ಮವರ ಪದ್ಧತಿಯಂತೆ ವಿಭೂತಿ ಹಚ್ಚಿ ಕೂರಿಸಿ, ಸೋಲೂರಿನ ಕಡೆ ಅವರ ಹಿರಿಯರ ಟೀ ತೋಟದ ಅಂಚಿನಲ್ಲಿ ಮಣ್ಣು ಮಾಡಿದೆವು. ಅಷ್ಟೆಲ್ಲ ಕಲಿತದ್ದು ಒಂದೇ ಒಂದು ದಾರಿಗೆ ಆಯಿತಲ್ಲ ಎಂದು ನನಗೆ ದೇವರ ಮೇಲೆ ಇವತ್ತಿಗೂ ಸಿಟ್ಟಿದೆ. ಆ ಅಂಕೆಗಳನ್ನು ಮುಟ್ಟಲು ಮನಸ್ಸು ಬರಲಿಲ್ಲ. ಏರಿಸಿದರೆ, ಇನ್ನು ಅವರನ್ನು ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ ಎಂದು ನಾನೇ ಬರೆದುಕೊಟ್ಟ ಹಾಗಾಗುತ್ತದೆ.

ಆದರೆ ಇವತ್ತು ಬೆಳಿಗ್ಗೆ ಬೆಳ್ಳಿಯಣ್ಣನ ಮೊಣಕಾಲಿನಲ್ಲಿ ರಕ್ತ ಬಂದಿತ್ತು. ಹೋದವರಿಗಾಗಿ ಇರುವವರನ್ನು ಬೀಳಿಸುವುದು ಯಾವ ನ್ಯಾಯ? ಅರಿಸಿನ ಹಚ್ಚಿ ಅವರನ್ನು ಮನೆಗೆ ಕಳಿಸಿ, ಲ್ಯಾಪ್‌ಟಾಪ್ ತಂದು, ನಮ್ಮ ಯಜಮಾನರು ಬರೆದಿದ್ದ ಅಂಕೆಗಳನ್ನೇ ಒಂದೊಂದಾಗಿ ತುಂಬಿದೆ. ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕಾರಿನ ತುಂಬ ಪೆಟ್ರೋಲ್ ವಾಸನೆ ಏರಿತು.

“ಕಿಟಕಿ ಇಳಿಸ್ಲಾ?” ಎಂದು ಹಿಂದಿನ ಸೀಟಿನ ಕಡೆ ತಿರುಗಿ ಕೇಳಿದೆ.

ಎಂಜಿನ್ ಬಿಸಿಯಾಗುವ ತನಕ ಅಲ್ಲೇ ಕೂತು ಅತ್ತೆ. ಬಿಸಿಯಾದ ಮೇಲೆ ವಾಸನೆ ತಾನಾಗಿಯೇ ಹೋಯಿತು.