ಮೂರಕ್ಷರದ ನಿಯಮ

ದೊಡ್ಡಬಳ್ಳಾಪುರದ ಮೊದಲ ಬೆಳಗ್ಗೆ ಕಣ್ಣು ಬಿಟ್ಟಾಗ ನನ್ನ ಕೋಣೆಯ ಗೋಡೆ ನಡುಗುತ್ತಿತ್ತು. ಗೂಡಿನಲ್ಲಿಟ್ಟಿದ್ದ ಸ್ಟೀಲ್ ಲೋಟ ತಾನಾಗಿಯೇ ಸರಿಯುತ್ತ ಅಂಚಿಗೆ ಬಂದಿತ್ತು. ಭೂಕಂಪವೆಂದು ಹೊರಗೆ ಓಡಿದರೆ, ಮನೆಯ ಒಡತಿ ಜಯಮ್ಮ ನೆಮ್ಮದಿಯಾಗಿ ಬಾಗಿಲಿಗೆ ನೀರು ಹಾಕುತ್ತಿದ್ದರು. "ಪಕ್ಕದ್ಮನೆ ಮಗ್ಗ ಕಣಮ್ಮ. ಕರೆಂಟ್ ಹೋದಾಗ ನಿಂತೋಗ್ತದೆ. ಆಗ ನಿಮ್ಗೇ ಒಂಥರಾ ಆಗ್ತದೆ, ನೋಡ್ತಿರಿ" ಎಂದರು.

ನಾನೂ ಮಗ್ಗದ ಸದ್ದಿನಲ್ಲೇ ಬೆಳೆದವಳು. ಆದರೆ ನಮ್ಮ ಗುಳೇದಗುಡ್ಡದಲ್ಲಿ ನೇಯುವವರು ಚಹಾಕ್ಕೆ ಎದ್ದರೆ ಕೈಮಗ್ಗವೂ ಸುಮ್ಮನಾಗುತ್ತದೆ. ಇಲ್ಲಿಯ ವಿದ್ಯುತ್ ಮಗ್ಗಕ್ಕೆ ಆ ದಾಕ್ಷಿಣ್ಯವಿಲ್ಲ. ಊಟದ್ದೂ ಅದೇ ಕಥೆ. ಗರಿಗರಿ ಒಣಗಿದ ಜೋಳದ ಕಟಕ್ ರೊಟ್ಟಿ ಕಡಿದು ಬೆಳೆದ ಹಲ್ಲಿಗೆ ಇಲ್ಲಿ ಕೆಲಸವೇ ಇಲ್ಲ. ರಾಗಿಮುದ್ದೆಯನ್ನು ಮುರಿದು ಉಪ್ಸಾರಿನಲ್ಲಿ ಅದ್ದಿ ನುಂಗಬೇಕು. ನಮ್ಮ ಕಡೆಯವರಿಗಾಗಿ ಹೇಳುತ್ತೇನೆ, ಉಪ್ಸಾರು ಎಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ಉಪ್ಪಿನ ಕಟ್ಟು. ಖಾರವನ್ನು ಬೇರೆ ಅರೆದಿಟ್ಟು ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ನಾನು ಮುದ್ದೆ ಅಗಿಯುವುದನ್ನು ನೋಡಲು ಜಯಮ್ಮ ಅಕ್ಕಪಕ್ಕದವರನ್ನೂ ಕರೆದಿದ್ದರು.

ಅದು ತೊಂಬತ್ತರ ದಶಕದ ಕೊನೆ. ಬಾಗಲಕೋಟೆಯಲ್ಲಿ ಕಂಪ್ಯೂಟರ್ ಕಲಿತಿದ್ದ ನನ್ನನ್ನು ಇಲ್ಲಿಯ ಸೀರೆ ವ್ಯಾಪಾರಿ ನಾರಾಯಣಪ್ಪ ಕರೆಸಿಕೊಂಡಿದ್ದರು. ದೂರದ ಅಂಗಡಿಯವರು ಇಂಟರ್ನೆಟ್ಟಿನಲ್ಲೇ ಸೀರೆಗೆ ಆರ್ಡರ್ ಕೊಡುವಂತೆ ಅವರಿಗೊಂದು ವೆಬ್‌ಸೈಟ್ ಆಗಬೇಕಿತ್ತು. "ದಸರಾದೊಳ್ಗೆ ಮಾಡ್ಕೊಡಮ್ಮ. ಸರ್ಯಾಗಿದ್ರೆ ಕೆಲ್ಸ ಕಾಯಂ" ಎಂದಿದ್ದರು. ಅವ್ವನ ಷರತ್ತು ಬೇರೆ: ಕೆಲಸ ಕಾಯಂ ಆಗದಿದ್ದರೆ ನಾನು ಊರಿನ ಬಸ್ಸು ಹತ್ತಬೇಕು. ನಾನು ಸೋಲುತ್ತೇನೆಂದು ಆಕೆಗೆ ಬಹಳ ನಂಬಿಕೆಯಿತ್ತು. ಸೋತು ಮರಳಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಆರ್ಡರ್ ಫಾರ್ಮಿನ ಒಂದೊಂದು ಖಾನೆಗೂ ಹಲವು ನಿಯಮ ಹಾಕಿದೆ. ಫೋನಿನ ಖಾನೆಯಲ್ಲಿ ಅಂಕಿ ಮಾತ್ರ, ಅದರ ಜೊತೆಗೆ ಊರಿನ ಕೋಡ್ ಕಡ್ಡಾಯ. ಮನೆತನದ ಹೆಸರಿನ ಖಾನೆ ಖಾಲಿ ಇರಕೂಡದು, ಅದರಲ್ಲಿ ಚುಕ್ಕಿ ಇರಕೂಡದು, ಮೂರಕ್ಷರಕ್ಕಿಂತ ಕಡಿಮೆ ಇರಕೂಡದು. ಒಂದು ತಪ್ಪಿದರೂ ಫಾರ್ಮು ಮುಂದೆ ಹೋಗದು. ಜಗತ್ತೂ ಇಷ್ಟು ಶಿಸ್ತಾಗಿದ್ದರೆ ಎಷ್ಟು ಚೆನ್ನ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪರೀಕ್ಷೆಯ ದಿನ ಬೆಂಗಳೂರಿನಿಂದ ಇಬ್ಬರು ವರ್ತಕರು ಬಂದಿದ್ದರು. ಅವರೆದುರು ನಾರಾಯಣಪ್ಪ ತಾವೇ ಕಂಪ್ಯೂಟರ್ ಮುಂದೆ ಕೂತು ಹೆಸರು ಹೊಡೆದರು. ಮನೆತನದ ಖಾನೆಯಲ್ಲಿ, ತಂದೆ ತಿಮ್ಮಯ್ಯನವರ 'ಟಿ' ಹಾಕಿ ಚುಕ್ಕಿ ಇಟ್ಟರು. ಚುಕ್ಕಿ ಬೇಡವೆಂದಿತು ಫಾರ್ಮು. ಚುಕ್ಕಿ ಅಳಿಸಿದರು. ಮೂರಕ್ಷರ ಬೇಕೆಂದಿತು. ರೇಗಿ ಅದನ್ನೂ ಅಳಿಸಿದರು. ಖಾಲಿ ಬಿಡುವಂತಿಲ್ಲ ಎಂದಿತು.

"ಏನಮ್ಮ ಇದು, ನಮ್ಮಂಗ್ಡೀಲಿ ನನ್ಗೇ ಜಾಗ ಇಲ್ವಾ?"

ವರ್ತಕರು ಗೊಳ್ಳೆಂದು ನಕ್ಕರು. "ನಿಮ್ಮ ಮನಿತನದ ಹೆಸರು ಹಾಕ್ರಿ ಸರ್" ಎಂದೆ.

"ನಮ್ಮಲ್ಲಿ ಅದೆಲ್ಲಮ್ಮ? ಅಪ್ಪನ್ ಹೆಸರಿಂದ ಒಂದಕ್ಷರ ಮುಂದೆ ಹಾಕ್ಕೊಳ್ತೀವಿ, ಅಷ್ಟೆ."

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. ನಾನು ಗಿರಿಜಾ ಬಣ್ಣದ. ನೂಲಿಗೆ ಬಣ್ಣ ಹಾಕುತ್ತಿದ್ದವರ ಮನೆಯವಳು. ನಮ್ಮ ಓಣಿಯಲ್ಲಿ ಉಪ್ಪಿನ ಎಂಬವರಿದ್ದಾರೆ, ಮೆಣಸಿನಕಾಯಿ ಎಂಬವರಿದ್ದಾರೆ. ಹೆಸರು ಕೇಳಿದೊಡನೆ ಯಾರ ಮನೆಯವರೆಂದು ತಿಳಿಯುತ್ತದೆ. ಹಾಗಿಲ್ಲದ ಊರೂ ಇದ್ದೀತೆಂದು ನನಗೆ ಹೊಳೆದೇ ಇರಲಿಲ್ಲ.

ವರ್ತಕರು ಊಟ ಮುಗಿಸಿ ಬರುವಷ್ಟರಲ್ಲಿ ನಿಯಮ ಬದಲಿಸಿದೆ. ಖಾನೆ ಖಾಲಿಯಿದ್ದರೂ ಸರಿ, ಒಂದಕ್ಷರವಿದ್ದರೂ ಸರಿ, ಚುಕ್ಕಿಯೂ ಇರಲಿ. ಅಂಕಿ ಮಾತ್ರ ಬೇಡ. ಒಂದೊಂದೇ ತಪ್ಪು ಹೇಳಿ ಸತಾಯಿಸುವ ಬದಲು ಎಲ್ಲವನ್ನೂ ಒಟ್ಟಿಗೇ ತೋರಿಸುವಂತೆಯೂ ಮಾಡಿದೆ. ಈ ಸಲ ನಾರಾಯಣಪ್ಪನವರ ಆರ್ಡರ್ ಸರಾಗವಾಗಿ ಹೋಯಿತು. ನನ್ನ ಕೆಲಸ ಕಾಯಂ ಆಯಿತು. ಜಯಮ್ಮ ಒಬ್ಬಟ್ಟು, ಅಂದರೆ ನಮ್ಮ ಹೋಳಿಗೆ, ಮಾಡಿ ಬಡಿಸಿದರು. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ದೀಪಾವಳಿಗೆ ಅಂಗಡಿಯಲ್ಲಿ ಕೈತುಂಬ ಕೆಲಸ, ಊರಿಗೆ ಹೋಗಲಾಗಲಿಲ್ಲ. ಅವ್ವನಿಗೊಂದು ಸೀರೆ ಕಳಿಸೋಣವೆಂದು ನನ್ನದೇ ಫಾರ್ಮಿನಲ್ಲಿ ಅವಸರದಿಂದ ಆರ್ಡರ್ ತುಂಬಿದೆ. ಫಾರ್ಮು ಯಾವ ತಕರಾರೂ ಎತ್ತಲಿಲ್ಲ. ಸೀರೆ ಮುಟ್ಟಿದ ದಿನ ಅವ್ವ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡಿದಳು.

"ಯಾರೋ ಎಸ್. ಗಿರಿಜಾ ಅನ್ನಾಕಿ ನನಗ ಸೀರಿ ಕಳಿಸ್ಯಾಳ. ಭಾಳ ಚಂದ ಐತಿ. ಪಾಪ, ಆ ಹುಡುಗಿಗೆ ಮನಿತನ ಇಲ್ಲೇನು?"

ತಮಾಷೆಯ ಮಾತೇ, ಆದರೆ ದನಿಯಲ್ಲಿ ನಗುವಿರಲಿಲ್ಲ. ಮನೆತನದ ಖಾನೆಯಲ್ಲಿ ಅಪ್ಪ ಸಂಗಪ್ಪನ ಒಂದಕ್ಷರ ಹಾಕಿ, ಬಣ್ಣದ ಎಂಬುದನ್ನು ಬಿಟ್ಟೇಬಿಟ್ಟಿದ್ದೆ. ಬಿಟ್ಟದ್ದು ನನಗೆ ಗೊತ್ತಾಗಿಯೂ ಇರಲಿಲ್ಲ. ಹಳೆಯ ನಿಯಮ ಇದ್ದಿದ್ದರೆ ಅಲ್ಲೇ ತಡೆದು ನಿಲ್ಲಿಸುತ್ತಿತ್ತು.

"ಇದೆ ಅಮ್ಮಾ, ಇದೆ" ಎಂದೆ.

ಹುಟ್ಟಿದಾಗಿನಿಂದ ನಾನು ಅವ್ವನನ್ನು ಅಮ್ಮಾ ಎಂದು ಕರೆದವಳಲ್ಲ.

"ಆತು ಬಿಡು" ಎಂದಳು ಅವ್ವ. "ಎಲ್ಲಿದ್ರೂ ಆರಾಮಿರು."