ರಕ್ತ ಸರಿ, ಕಾಲು ಯಾಕೆ ಹೀಗೆ?: ಜನಾಬ್ ಅಬ್ದುಲ್ ಹಕೀಮರ ಅಭಾದ ದಿನಗಳು

ಸೌದಿ ಅರೇಬಿಯಾದ ಅಭಾ ನಗರದ ಆಸ್ಪತ್ರೆಯಲ್ಲಿ ಜನಾಬ್ ಅಬ್ದುಲ್ ಹಕೀಮರು ರಕ್ತದ ಹನಿಯೊಂದನ್ನು ಬೆಳಕಿಗೆ ಹಿಡಿದರೆ, ದೂರದ ಹಾಯಿಲ್‌ನಲ್ಲಿ ಮಲಗಿದ್ದ ರೋಗಿಯೂ ಹಾಸಿಗೆಯಿಂದೆದ್ದು ಸಲಾಂ ಹೇಳುತ್ತಿದ್ದನು. ನಮ್ಮ ಕರಾವಳಿಯಿಂದ ಹೋಗಿ ಪ್ರಯೋಗಾಲಯಗಳಲ್ಲಿ ದುಡಿದವರ ಪೈಕಿ ಅವರಷ್ಟು ಎತ್ತರದವರು ಇನ್ನೊಬ್ಬರಿಲ್ಲ. ಇದ್ದರೆ ಅದು ಅವರ ಕೈಕೆಳಗೆ ಪಳಗಿದ ಈ ಲೇಖಕ, ಸೇಸಪ್ಪನೇ ಇರಬೇಕು.

ಅವರು ಅಲ್ಲಿ ಸೇರಿದ್ದು ೧೯೮೪ರಲ್ಲಿ. ಮರುವರ್ಷ ವಾರ್ಡಿನ ಆಯಾ ಆಸ್ಯಮ್ಮನ ಪುಟ್ಟ ಮಗಳು ನಬೀಸಾಳ ಕಾಲುಗಳು ಮರದಂತೆ ಬಿಗಿಯತೊಡಗಿದವು. ಬೆನ್ನುಹುರಿಯ ನರಗಳು ಸೋಲುತ್ತಿವೆ, ರಕ್ತದಲ್ಲಿ ಯಾವುದೋ ಅಮೈನೋ ಆಮ್ಲ ಮಿತಿಮೀರಿರಬಹುದು ಎಂದ ಡಾಕ್ಟರು ಪರೀಕ್ಷೆಗೆ ಬರೆದರು. ಸೋಸುಕಾಗದದ ಮೇಲೆ ರಕ್ತದ ಸಾರ ಹರಿಸಿ, ರಾಸಾಯನಿಕ ಸಿಂಪಡಿಸಿ ಕಾಯಿಸಿದರೆ ಅಮೈನೋ ಆಮ್ಲವಿರುವಲ್ಲಿ ನೇರಳೆ ಚುಕ್ಕೆ ಮೂಡುತ್ತದೆ. ಸೇಸಪ್ಪ ತೆಗೆದ ಕಾಗದದಲ್ಲಿ, ಇರಬಾರದ ಕಡೆ, ಅಂಗೈಯಗಲದ ಕಲೆ! ರೋಗ ಸಿಕ್ಕಿತೆಂದು ಅವನು ಇಡೀ ಆಸ್ಪತ್ರೆಗೆ ಸಾರಿದನು. ಆ ಆಮ್ಲ ಬರುವುದು ಪ್ರೋಟೀನಿನಿಂದ ಎಂದು ಡಾಕ್ಟರು ಮಗುವಿನ ಊಟಕ್ಕೆ ಕತ್ತರಿ ಹಾಕಿದರು.

"ಮೀನು ಬೇಡ, ಹಾಲು ಬೇಡ, ಮೊಟ್ಟೆ ಬೇಡ ಅಂತಾರೆ. ಮಗು ಎಂತ ತಿನ್ನುದು ಹಕೀಮಾಕ?" ಎಂದು ಆಸ್ಯಮ್ಮ ಪ್ರಯೋಗಾಲಯದ ಬಾಗಿಲಲ್ಲೇ ಕುಳಿತಳು.

ಹಕೀಮರು ಕಾಗದವನ್ನು ಕಿಟಕಿಗೆ ಹಿಡಿದರು. "ಸೇಸಪ್ಪಾ, ರೋಗಕ್ಕೆ ಹೆಬ್ಬೆರಳಿನ ಗೆರೆ ಉಂಟಾ ಮಾರಾಯ?"

ಬೆವರಿನಲ್ಲೂ ಅಮೈನೋ ಆಮ್ಲವಿದೆ. ಸೇಸಪ್ಪ ಕಾಗದ ಹಿಡಿದದ್ದು ಬರಿಗೈಯಲ್ಲಿ. ಹಕೀಮರು ಡಾಕ್ಟರ ಮುಂದೆ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡು, ಚಿಮಟದಲ್ಲಿ ಹಿಡಿದು ಪರೀಕ್ಷೆಯನ್ನು ಮತ್ತೆ ಮಾಡಿದರು. ರಕ್ತ ಸರಿಯಾಗಿತ್ತು. ನಬೀಸಾಳ ತಟ್ಟೆಗೆ ಮೀನು ಮರಳಿತು.

ಗೊಂದಲ ಶುರುವಾದದ್ದೇ ಆಮೇಲೆ. ರಕ್ತ ಸರಿಯಿದ್ದರೆ ಕಾಲು ಯಾಕೆ ಹೀಗೆ?

"ಅಮೈನೋ ಆಮ್ಲ ರಕ್ತದಲ್ಲಿ ಸರಿಯಾಗಿ ಇದ್ದರೆ ಸಾಕಾ? ನರಕೋಶದ ಒಳಗೆ ಅದನ್ನು ದಾಟಿಸಬೇಕಲ್ಲ," ಎಂದರು ಹಕೀಮರು. "ಆ ದಾರಿ ಕೆಟ್ಟಿದ್ದರೆ ನಮ್ಮ ಕಾಗದಕ್ಕೆ ಹೇಗೆ ಕಾಣುದು?"

"ಹಾಗಾದ್ರೆ ದಾರಿಯೇ ಕೆಟ್ಟದ್ದಾ?" ಎಂದು ಸೇಸಪ್ಪ ಕೇಳಿದನು.

"ಗೊತ್ತಿಲ್ಲ ಮಾರಾಯ. ಇರ್ಲಿಕ್ಕೂ ಸಾಕು, ಇಲ್ಲದಿರ್ಲಿಕ್ಕೂ ಸಾಕು."

ಆಸ್ಯಮ್ಮನಿಗೂ ಅವರು ಹೇಳಿದ್ದು ಅದನ್ನೇ. ಆದರೆ ದಿನವೂ ಡ್ಯೂಟಿ ಮುಗಿಸಿ, ನಬೀಸಾಳ ಕೈಹಿಡಿದು ವರಾಂಡದಲ್ಲಿ ನಡೆಸುತ್ತಿದ್ದರು. ವರ್ಷ ತುಂಬುವುದರೊಳಗೆ ಅವಳು ಶಾಲೆಯ ಓಟದಲ್ಲಿ ಮೊದಲ ಬಹುಮಾನ ಗೆದ್ದಳು.

ಈ ಲೇಖನದ ಕರಡನ್ನು ಈ ವಾಕ್ಯದವರೆಗೆ ಓದಿದ ಹಕೀಮರು ಕನ್ನಡಕ ತೆಗೆದರು. "ಓಡಿದ್ದು ಯಾರು ಸೇಸಪ್ಪಾ? ಇದನ್ನು ಆ ಹುಡುಗಿ ಓದುದಿಲ್ವಾ?"

ಅವಳು ಓಡಲಿಲ್ಲ. ಊರುಗೋಲು ಹಿಡಿದು ನಡೆದಳು, ಈ ೧೯೮೯ರಲ್ಲೂ ಹಾಗೆಯೇ ನಡೆಯುತ್ತಾಳೆ. ಯಾಕೆಂದು ಅಂದು ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ನಿವೃತ್ತರಾದ ಹಕೀಮರು ಆ ಪ್ರಶ್ನೆಯನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಉತ್ತರ ದೊರೆತ ದಿನ ಅದನ್ನು ನಬೀಸಾಳಿಗೆ ತಾವೇ ಹೇಳುವಷ್ಟು ಆಯುಷ್ಯ, ಆರೋಗ್ಯ ಅವರಿಗಿರಲಿ. ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ.